ಅಳಿಯಸಂತಾನ ಹೆಣ್ಣಿಗೆ ಅಧಿಕಾರ ಕೊಟ್ಟಿತ್ತೇ? ತುಳುನಾಡಿನಿಂದ ಸುಮಾತ್ರದವರೆಗೆ ಒಂದು ಚರ್ಚೆ

ಕಡಲತಡಿ (ಉಡುಪಿ):

ಅಳಿಯಸಂತಾನದ, ಅಂದರೆ ತಾಯಿಯ ಸಾಲಿನಿಂದ ವಂಶ ಮತ್ತು ಆಸ್ತಿಯನ್ನು ಎಣಿಸುವ ತುಳುನಾಡಿನ ಪದ್ಧತಿಯ, ಮಾತು ಬಂದಾಗಲೆಲ್ಲ ‘ನಮ್ಮಲ್ಲಿ ಹೆಣ್ಣಿನದೇ ಯಜಮಾನಿಕೆ ಇತ್ತು’ ಎಂದು ಹೆಮ್ಮೆಯಿಂದ ಹೇಳುವವರನ್ನು ಚಿಕ್ಕಂದಿನಿಂದಲೂ ಕೇಳುತ್ತ ಬಂದಿದ್ದೇನೆ. ನಮ್ಮ ‘ಬಳಿ’ (ಗೋತ್ರದಂಥ ಕುಲದ ಗುರುತು) ತಾಯಿಯಿಂದ ಬರುತ್ತದೆ, ಕುಟುಂಬದ ಮನೆ ತಾಯಿಯ ಕಡೆಯದು, ಗಂಡಸಿನ ಸಂಪತ್ತು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ ಸೇರುತ್ತಿತ್ತು. ಇಷ್ಟೂ ನಿಜ. ಆದರೆ ಗದ್ದೆಯನ್ನು ಗೇಣಿಗೆ ಕೊಡುವವರು, ಅಕ್ಕಿಮುಡಿಯ ಲೆಕ್ಕ ಇಡುವವರು, ಕೋರ್ಟಿಗೆ ಹೋಗುವವರು ಯಾರಾಗಿದ್ದರು ಎಂದು ಕೇಳಿದರೆ, ನನಗೆ ತಿಳಿದ ಮನೆಗಳಲ್ಲೆಲ್ಲ ಬರುವ ಉತ್ತರ ಒಂದೇ: ಸೋದರಮಾವ.

ಹಾಗಾದರೆ ಹೆಣ್ಣಿಗೆ ನಿಜವಾಗಿ ಸಿಕ್ಕಿದ್ದೇನು? ಸಂತಾನವು ಹೆಣ್ಣಿನ ಮೂಲಕ ಹರಿಯುವುದಕ್ಕೂ ಅಧಿಕಾರ ಹೆಣ್ಣಿನ ಕೈಯಲ್ಲಿರುವುದಕ್ಕೂ ಸಂಬಂಧವಿದೆಯೇ? ಕೇರಳ, ಮೇಘಾಲಯ, ಇಂಡೋನೇಷ್ಯಾ, ಆಫ್ರಿಕಾಗಳಲ್ಲೂ ಇಂಥ ಸಮಾಜಗಳಿವೆ. ಅಲ್ಲಿಯ ಅನುಭವವನ್ನು ನಮ್ಮದರ ಪಕ್ಕದಲ್ಲಿಟ್ಟು ನೋಡಬೇಕೆಂಬ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಬಲ್ಲವರು ದಯವಿಟ್ಟು ಬರೆಯಿರಿ.

ಮಲೆನಾಡ ಹುಡುಗಿ:

ನಾವು ಘಟ್ಟದ ಮೇಲಿನವರು, ಮಕ್ಕಳ ಸಂತಾನದವರು. ಮದುವೆಯಾದ ಮೇಲೆ ತವರಿಗೆ ನೆಂಟಳಾಗಿ ಹೋಗುವ ನಮಗೆ, ‘ಈ ಮನೆ ನಿನ್ನದು’ ಎಂದು ಹುಟ್ಟಿನಿಂದಲೇ ಹೇಳಿಸಿಕೊಂಡವರ ಸ್ಥಿತಿ ಅಧಿಕಾರದಂತೆಯೇ ಕಾಣುತ್ತದೆ. ಮಾವ ಲೆಕ್ಕ ಇಟ್ಟರೆ ಇಡಲಿ, ಮನೆ ಇತ್ತಲ್ಲ!

ಹಳೆಯ ದಸ್ತಾವೇಜು:

ನಾನು ಮಂಗಳೂರಿನ ನ್ಯಾಯಾಲಯಗಳಲ್ಲಿ ಬಹುಕಾಲ ವಕೀಲಿ ಮಾಡಿದವನು. ಕಡಲತಡಿ ಅವರ ಮಾತು ಆಚರಣೆಯ ಮಟ್ಟಿಗೆ ಸರಿಯಾದರೂ ಕಟ್ಟಳೆಯ ಮಟ್ಟಿಗೆ ಪೂರ್ತಿ ಸರಿಯಲ್ಲ. ಅಳಿಯಸಂತಾನ ಕಟ್ಟಳೆಯ ಪ್ರಕಾರ ಕುಟುಂಬದ ಅತ್ಯಂತ ಹಿರಿಯ ಸದಸ್ಯರು, ಗಂಡಾಗಲಿ ಹೆಣ್ಣಾಗಲಿ, ಕುಟುಂಬದ ಆಡಳಿತಕ್ಕೆ ಅರ್ಹರು. ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. ಮಲಬಾರಿನ ಮರುಮಕ್ಕತ್ತಾಯದಲ್ಲಿ (ಕೇರಳದ ತಾಯಿಸಾಲಿನ ಪದ್ಧತಿಯಲ್ಲಿ) ಕುಟುಂಬದ ಆಡಳಿತಗಾರನಾದ ಕಾರಣವರ್ ಸಾಮಾನ್ಯವಾಗಿ ಹಿರಿಯ ಗಂಡಸೇ ಆಗಿರುತ್ತಿದ್ದ. ಈ ವಿಷಯದಲ್ಲಿ ನಮ್ಮ ಪದ್ಧತಿ ಅದಕ್ಕಿಂತ ಒಂದು ಹೆಜ್ಜೆ ಮುಂದಿತ್ತು.

ಹಳೆಯ ಕಟ್ಟಳೆಯಲ್ಲಿ ಸದಸ್ಯರೊಬ್ಬರು ಹಟ ಹಿಡಿದ ಮಾತ್ರಕ್ಕೆ ಆಸ್ತಿ ಪಾಲಾಗುತ್ತಿರಲಿಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ಪಾಲು, ಇಲ್ಲವಾದರೆ ಜೀವನಾಂಶ. ಇದನ್ನು ಬದಲಿಸಿದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. ಅದು ಕುಟುಂಬವನ್ನು ಕವರುಗಳಾಗಿ ಪಾಲು ಮಾಡಲು ದಾರಿ ಮಾಡಿಕೊಟ್ಟಿತು. ಕವರು ಎಂದರೆ ಒಬ್ಬ ಹೆಣ್ಣು ಮತ್ತು ಹೆಣ್ಣು ಸಂತತಿಯ ಮೂಲಕ ಅವಳಿಂದ ಇಳಿದು ಬಂದವರೆಲ್ಲರ ಗುಂಪು. ಆ ಕಾಯ್ದೆಯಲ್ಲಿ ಕವರುಗಳನ್ನು ‘ಸಂತತಿ ಕವರು’, ‘ನಿಸ್ಸಂತತಿ ಕವರು’ ಎಂದು ಎರಡಾಗಿ ವಿಂಗಡಿಸಿದ್ದಾರೆ. 50 ವರ್ಷ ತುಂಬದ ಒಬ್ಬ ಹೆಣ್ಣಾದರೂ ಇದ್ದರೆ ಅದು ಸಂತತಿ ಕವರು. ಇಲ್ಲದಿದ್ದರೆ, ಅದರಲ್ಲಿ ಎಷ್ಟೇ ಮಂದಿ ಗಂಡಸರಿದ್ದರೂ, ನಿಸ್ಸಂತತಿ. ಬೇರೆ ಸಂತತಿ ಕವರು ಇರುವ ಕುಟುಂಬದಲ್ಲಿ ನಿಸ್ಸಂತತಿ ಕವರಿಗೆ ಸಿಗುತ್ತಿದ್ದುದು ಜೀವಿತಾವಧಿಯ ಹಕ್ಕು ಮಾತ್ರ. ಐವರು ಅಣ್ಣತಮ್ಮಂದಿರು ಒಂದು ಕಡೆ, ಒಬ್ಬ ತಂಗಿ ಇನ್ನೊಂದು ಕಡೆ ಎಂದುಕೊಳ್ಳಿ. ಆಸ್ತಿ ಕೊನೆಗೆ ಹೋಗಿ ಸೇರುವುದು ತಂಗಿಯ ಮಕ್ಕಳನ್ನೇ. ನ್ಯಾಯಾಲಯದಲ್ಲಿ ಸಾಕ್ಷಿಕಟ್ಟೆ ಹತ್ತಿದ ಹೆಂಗಸಿಗೆ ಎದುರು ಪಕ್ಷದ ವಕೀಲರು ಮೊದಲು ಕೇಳುತ್ತಿದ್ದುದು ವಯಸ್ಸನ್ನು. ಆ ಪ್ರಶ್ನೆ ಕೇಳಿದಾಗ ತಲೆ ತಗ್ಗಿಸಿದವರನ್ನೂ ನೋಡಿದ್ದೇನೆ, ತಲೆ ಎತ್ತಿ ಉತ್ತರಿಸಿದವರನ್ನೂ ನೋಡಿದ್ದೇನೆ.

ಗುತ್ತಿನ ಮನೆಮಗಳು:

ವಕೀಲರೇ, ಕಟ್ಟಳೆಯಲ್ಲಿದ್ದ ಯಜಮಾನ್ತಿಯ ಅಧಿಕಾರವನ್ನು ನೀವು ನೆನಪಿಸಿದ್ದು ಒಳ್ಳೆಯದಾಯಿತು. ಆದರೆ ನನ್ನ ಅಜ್ಜಿ ಕುಟುಂಬದಲ್ಲಿ ಎಲ್ಲರಿಗಿಂತ ಹಿರಿಯಳಾಗಿದ್ದರೂ, ಅವಳ ತಮ್ಮ ತಂದುಕೊಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದೇ ಅವಳ ಯಜಮಾನಿಕೆಯಾಗಿತ್ತು. ಯಾವ ಗದ್ದೆ ಅಡವಾಯಿತು, ಯಾಕೆ ಅಡವಾಯಿತು ಎಂಬುದು ಅವಳಿಗೆ ತಿಳಿಯುತ್ತಿದ್ದುದು ಸಾಲ ಕೊಟ್ಟವರು ಅಂಗಳಕ್ಕೆ ಬಂದಾಗ ಮಾತ್ರ.

ಹಾಗೆಂದು ಅವಳಿಗೆ ಏನೂ ಇರಲಿಲ್ಲ ಎಂದು ಹೇಳಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ಮದುವೆಯಾದ ಹೆಣ್ಣು ಸಾಮಾನ್ಯವಾಗಿ ಗಂಡನ ಜೊತೆಗೇ ಇರುತ್ತಿದ್ದಳು. ಗಂಡ ತೀರಿಕೊಂಡರೆ ಅಥವಾ ಸಂಸಾರ ಸರಿಬರದಿದ್ದರೆ ಮಕ್ಕಳನ್ನು ಕರೆದುಕೊಂಡು ಕುಟುಂಬದ ಮನೆಗೆ ಬರುತ್ತಿದ್ದಳು. ಬಂದವಳನ್ನು ‘ಯಾಕೆ ಬಂದೆ’ ಎಂದು ಯಾರೂ ಕೇಳುವಂತಿರಲಿಲ್ಲ. ಬಿಡುಗಡೆಯಾದವಳಿಗೂ ವಿಧವೆಗೂ ಮರುಮದುವೆಯ ದಾರಿಯಿತ್ತು. ಅದನ್ನು ಬುಡುದಾರೆ ಎನ್ನುತ್ತಿದ್ದರು. ನಮ್ಮ ದೊಡ್ಡಮ್ಮ ಗಂಡನ ಮನೆ ಬಿಟ್ಟು ಬಂದಾಗ ಅಜ್ಜಿ ಮಾಡಿದ್ದು ಇಷ್ಟೇ: ಚಾವಡಿಯ ಪಕ್ಕದ ಕೋಣೆಯಲ್ಲಿದ್ದ ಅಕ್ಕಿಮುಡಿಗಳನ್ನು ಪಕ್ಕಕ್ಕೆ ಸರಿಸಿ, ಚಾಪೆ ಹಾಸಿಕೊಟ್ಟು, ಮಕ್ಕಳನ್ನು ಮರುದಿನವೇ ಶಾಲೆಗೆ ಸೇರಿಸಲು ತಮ್ಮನನ್ನು ಕಳುಹಿಸಿದಳು. ಪಂಚಾಯಿತಿಕೆ ಇಲ್ಲ, ಅಳು ಇಲ್ಲ, ನೆಂಟರ ಮಧ್ಯಸ್ಥಿಕೆ ಇಲ್ಲ. ಇದನ್ನು ಅಧಿಕಾರ ಎನ್ನುತ್ತೀರೋ ಬಿಡುತ್ತೀರೋ, ನನ್ನ ಮಟ್ಟಿಗೆ ಅದು ದೊಡ್ಡ ಆಸರೆ. ಇಂದು ನಮ್ಮ ಸಮುದಾಯದ ಹುಡುಗಿಯರಿಗೆ ಅದು ಇಲ್ಲ, ಅದರ ಬದಲಿಗೆ ಇನ್ನೊಂದು ಸಿಕ್ಕಿಯೂ ಇಲ್ಲ. ನನ್ನ ನೋವು ಅದು.

ಗೇಣಿ ಒಕ್ಕಲಿನವ:

ಅಕ್ಕ, ನಿಮ್ಮ ಅನುಭವವನ್ನು ಗೌರವಿಸುತ್ತೇನೆ. ಆದರೆ ಅಳಿಯಸಂತಾನ ಎಂದೊಡನೆ ಎಲ್ಲರೂ ಗುತ್ತಿನ ಮನೆಯ, ಅಂದರೆ ಊರಿನ ದೊಡ್ಡ ಜಮೀನುದಾರ ಮನೆತನದ, ಕಥೆಯನ್ನೇ ಹೇಳುತ್ತಾರೆ. ಈ ಕಟ್ಟು ಬಂಟರಲ್ಲಿ, ಜೈನರಲ್ಲಿ ಮಾತ್ರ ಇರಲಿಲ್ಲ. ಬಿಲ್ಲವರಲ್ಲಿ, ಮೊಗವೀರರಲ್ಲಿ, ಇನ್ನೂ ಹಲವು ಸಮುದಾಯಗಳಲ್ಲಿ ಇತ್ತು. ನಮ್ಮ ಹಿರಿಯರು ಚಾಲಗೇಣಿಯ ಒಕ್ಕಲು. ಧಣಿ ಬಿಡು ಎಂದರೆ ಬಿಡಬೇಕಾದ ಭೂಮಿಯಲ್ಲಿ ‘ಕುಟುಂಬದ ಮನೆ’ ಎಂಬ ಮಾತಿಗೆ ಏನರ್ಥ? ನಮ್ಮ ಪಾಲಿಗೆ ಅಳಿಯಸಂತಾನವೆಂದರೆ ಒಂದೇ ಬಳಿಯವರು ಮದುವೆಯಾಗಬಾರದು, ಸಾವಿನ ಸೂತಕ ತಾಯಿಯ ಕಡೆಯವರಿಗೆ, ದೈವದ ಚಾಕರಿ ಮಾವನಿಂದ ಅಳಿಯನಿಗೆ, ಇಷ್ಟೇ.

ಭೂಮಿ ನಮ್ಮದಾದದ್ದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ, ದೇವರಾಜ ಅರಸರ ಕಾಲದಲ್ಲಿ. ಭೂಮಿ ತನಗೆ ಸೇರಬೇಕೆಂದು ಡಿಕ್ಲರೇಷನ್ ಅರ್ಜಿ ಕೊಟ್ಟದ್ದು ಅಜ್ಜಿಯ ಅಣ್ಣ. ಆ ಗದ್ದೆಯಲ್ಲಿ ನೇಜಿ ನೆಟ್ಟವಳು, ಕಳೆ ಕಿತ್ತವಳು, ಗೇಣಿಯ ಅಕ್ಕಿಯನ್ನು ಮೆರಿದು ಮುಡಿ ಕಟ್ಟಲು ಅಣಿಮಾಡಿದವಳು ಅಜ್ಜಿ. ಟ್ರಿಬ್ಯೂನಲ್ಲಿನ ಆದೇಶದಲ್ಲಿ ಬಂದದ್ದು ಅಣ್ಣನ ಹೆಸರು. ಅವರು ತೀರಿಕೊಂಡಾಗ ಭೂಮಿ ಅವರ ಹೆಂಡತಿ ಮಕ್ಕಳಿಗೆ ಹೋಯಿತು. ಅಜ್ಜಿಯ ಮಕ್ಕಳಿಗೆ ಉಳಿದದ್ದು ಮನೆಯ ಅಡಿಸ್ಥಳ ಮಾತ್ರ. ಭೂಸುಧಾರಣೆ ನಮ್ಮ ಪಾಲಿಗೆ ಬೆಳಕೇ ಹೌದು, ಅದರ ವಿರುದ್ಧ ನಾನು ಒಂದು ಮಾತನ್ನೂ ಆಡುವುದಿಲ್ಲ. ಆದರೆ ಹೆಣ್ಣಿನ ಮೂಲಕ ಲೆಕ್ಕ ಹಾಕುವ ಸಮುದಾಯಕ್ಕೆ ಭೂಮಿ ಬಂದಾಗ ಅದು ಗಂಡಸಿನ ಹೆಸರಿನಲ್ಲಿ ಬಂತು ಎಂಬುದನ್ನೂ ಹೇಳಬೇಕಲ್ಲವೇ?

ಹಳೆಯ ದಸ್ತಾವೇಜು:

ಗೇಣಿ ಒಕ್ಕಲಿನವರೇ, ಈ ಮಾತು ಬಹಳ ಮುಖ್ಯವಾದದ್ದು. ಆ ಗೇಣಿ ಹಕ್ಕು ಒಬ್ಬನದೋ ಕುಟುಂಬದ್ದೋ ಎಂಬ ಪ್ರಶ್ನೆಯ ಮೇಲೆ ನಮ್ಮ ಜಿಲ್ಲೆಯಲ್ಲಿ ವರ್ಷಾನುಗಟ್ಟಲೆ ವ್ಯಾಜ್ಯಗಳು ನಡೆದಿವೆ.

ಶಿಲ್ಲಾಂಗ್ ವಾಸಿ:

ಕೆಲಸದ ನಿಮಿತ್ತ ಮೇಘಾಲಯಕ್ಕೆ ಬಂದು ಇಲ್ಲೇ ನೆಲೆ ನಿಂತವನು ನಾನು. ಖಾಸಿ ಸಮಾಜದಲ್ಲಿ ಪಿತ್ರಾರ್ಜಿತ ಎನ್ನುವ ಬದಲು ಮಾತ್ರಾರ್ಜಿತ ಎನ್ನಬಹುದಾದ ಆಸ್ತಿ ಹೋಗುವುದು ಕಿರಿಯ ಮಗಳಿಗೆ. ಅವಳನ್ನು ‘ಕಾ ಖದ್ದೂ’ ಎನ್ನುತ್ತಾರೆ. ಹೊರಗಿನವರು ಇಷ್ಟನ್ನೇ ಕೇಳಿ ಹೆಣ್ಣಿನ ರಾಜ್ಯವೆಂದು ಹೊಗಳಿ ಹೋಗುತ್ತಾರೆ. ಆದರೆ ಆ ಆಸ್ತಿಯ ಜೊತೆಗೆ ಮುದಿ ತಂದೆತಾಯಿಯರ ಆರೈಕೆ, ಮದುವೆಯಾಗದ ಅಥವಾ ಸಂಸಾರ ಮುರಿದು ಬಂದ ಒಡಹುಟ್ಟಿದವರಿಗೆ ಆಸರೆ, ಮನೆತನದ ಧಾರ್ಮಿಕ ವಿಧಿಗಳು ಎಲ್ಲವೂ ಅವಳ ಹೆಗಲಿಗೇ ಬರುತ್ತವೆ. ಮನೆಯನ್ನು ತನ್ನಿಚ್ಛೆಯಂತೆ ಮಾರುವ ಹಾಗಿಲ್ಲ. ಸೋದರಮಾವಂದಿರ, ಅಣ್ಣತಮ್ಮಂದಿರ ಒಪ್ಪಿಗೆ ಬೇಕು. ಅವಳು ಒಡತಿಗಿಂತ ಹೆಚ್ಚಾಗಿ ಕಾವಲುಗಾತಿ. ಸೋದರಮಾವನಿಗೆ ಇಲ್ಲಿ ‘ಉ ಕ್ನಿ’ ಎಂಬ ಹೆಸರು, ಅವನ ಮಾತಿಗೆ ಮನೆಯಲ್ಲಿ ಬಹಳ ತೂಕ. ಊರಿನ ಸಭೆಯಾದ ದೊರ್ಬಾರ್‌ನಲ್ಲಿ ಸಂಪ್ರದಾಯದಂತೆ ಹೆಂಗಸರಿಗೆ ಸ್ಥಾನವೇ ಇರಲಿಲ್ಲ; ಊರ ಮುಖ್ಯಸ್ಥ ಗಂಡಸೇ.

ನಮ್ಮಲ್ಲಿಗೂ ಇಲ್ಲಿಗೂ ದೊಡ್ಡ ವ್ಯತ್ಯಾಸವೆಂದರೆ ಸಂವಿಧಾನದ ಆರನೆಯ ಅನುಸೂಚಿ. ಸ್ವಾಯತ್ತ ಜಿಲ್ಲಾ ಮಂಡಳಿಗಳಿಗೆ ಉತ್ತರಾಧಿಕಾರ, ಮದುವೆ, ಸಾಮಾಜಿಕ ರೂಢಿಗಳ ಮೇಲೆ ಕಾನೂನು ಮಾಡುವ ಅಧಿಕಾರವಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಇವರಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಕಟ್ಟು ಇನ್ನೂ ಜೀವಂತವಾಗಿದೆ, ಅದರೊಂದಿಗೆ ಜಗಳವೂ ಜೀವಂತವಾಗಿದೆ. ಗಂಡಸರಿಗೆ ಆಸ್ತಿಯಿಲ್ಲ, ಬ್ಯಾಂಕ್ ಸಾಲಕ್ಕೆ ಅಡವಿಡಲು ಏನೂ ಇಲ್ಲ ಎಂದು ವಾದಿಸುವ ‘ಸಿಂಗ್‌ಖಾಂಗ್ ರಿಂಪೈ ತಿಮ್ಮೈ’ ಎಂಬ ಸಂಘಟನೆ 1990ರಿಂದ ಕೆಲಸ ಮಾಡುತ್ತಿದೆ. 2018ರಲ್ಲಿ ಖಾಸಿ ಜಿಲ್ಲಾ ಮಂಡಳಿಯು, ಹೊರಗಿನವನನ್ನು ಮದುವೆಯಾದ ಖಾಸಿ ಹೆಣ್ಣಿಗೆ ಖಾಸಿ ಸ್ಥಾನಮಾನವೇ ಇಲ್ಲದಂತೆ ಮಾಡುವ ಮಸೂದೆಯನ್ನು ತಂದಾಗ ಇಲ್ಲಿ ದೊಡ್ಡ ಕೋಲಾಹಲವಾಯಿತು. ವಂಶ ಹೆಣ್ಣಿನ ಮೂಲಕ ಹರಿಯುತ್ತದೆ ಎಂಬ ಕಾರಣಕ್ಕೇ ಅವಳ ಮದುವೆಯ ಮೇಲೆ ಸಮುದಾಯದ ಕಣ್ಣು ಹೆಚ್ಚು ಬಿಗಿಯಾಗುತ್ತದೆ ಎಂಬುದನ್ನು ನಾನು ಇಲ್ಲಿ ಬಂದ ಮೇಲೆ ಕಂಡುಕೊಂಡೆ.

ಮಲೆನಾಡ ಹುಡುಗಿ:

ಈ ಕೊನೆಯ ಮಾತನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಕಡೆ ಹೆಣ್ಣು ಬೇರೆ ಜಾತಿಯವನನ್ನು ಮದುವೆಯಾದರೆ ಮನೆತನದ ಮಾನ ಹೋಯಿತೆನ್ನುತ್ತಾರೆ. ಅಲ್ಲಿ ಮನೆತನದ ನೆಲವೇ ಹೋಯಿತೆಂಬ ಭಯ. ಭಯದ ಕಾರಣ ಬೇರೆ, ಕಾವಲು ಮಾತ್ರ ಎರಡೂ ಕಡೆ ಹೆಣ್ಣಿಗೇ.

ಪಡಂಗಿನ ನೆನಪು:

ಪಶ್ಚಿಮ ಸುಮಾತ್ರದ ಪಡಂಗ್‌ನಲ್ಲಿ ಕೆಲಕಾಲ ಇದ್ದವನು ನಾನು. ಅಲ್ಲಿಯ ಮಿನಂಗ್‌ಕಬಾವ್ ಜನರದು ಜಗತ್ತಿನ ಅತಿ ದೊಡ್ಡ ಮಾತೃವಂಶೀಯ ಸಮಾಜವೆಂಬ ಹೆಸರು. ಜೊತೆಗೆ ಅವರು ನಿಷ್ಠಾವಂತ ಮುಸಲ್ಮಾನರು. ಇಸ್ಲಾಮಿನಲ್ಲಿ ಮಗನಿಗೂ ಮಗಳಿಗೂ ನಿಶ್ಚಿತ ಪಾಲುಗಳಿವೆ. ಮಿನಂಗ್ ರೂಢಿಯಲ್ಲಿ ನೆಲ ಹೆಣ್ಣಿನ ಸಾಲಿನದು. ಎರಡೂ ಹೇಗೆ ಒಟ್ಟಿಗೆ ಬದುಕಿದವು ಎಂಬುದೇ ಸ್ವಾರಸ್ಯ.

ಸುಲಭವಾಗಿ ಬದುಕಲಿಲ್ಲ. 1803ರ ಸುಮಾರಿಗೆ ಮೆಕ್ಕಾದಿಂದ ಹಿಂದಿರುಗಿದ ಕೆಲವರು ಜೂಜು, ಕೋಳಿ ಅಂಕ, ಹಳೆಯ ರೂಢಿಗಳ ವಿರುದ್ಧ ಚಳವಳಿ ಕಟ್ಟಿದರು. ಅದು ಪಾದ್ರಿ ಯುದ್ಧವಾಯಿತು (ಪಾದ್ರಿ ಎಂದರೆ ಇಲ್ಲಿ ಕ್ರೈಸ್ತರಲ್ಲ, ಆ ಮುಸ್ಲಿಂ ಸುಧಾರಕರ ಹೆಸರು). ರೂಢಿಯ ಪರವಾಗಿದ್ದ ಮುಖಂಡರು ಡಚ್ಚರ ನೆರವು ಕೇಳಿದರು. 1837ರಲ್ಲಿ ಬೊಂಜೊಲ್ ಕೋಟೆ ಬಿದ್ದ ಮೇಲೆ ನೆಲ ಡಚ್ಚರ ಪಾಲಾಯಿತು. ರೂಢಿಗೆ ಶರೀಅತ್ ಆಧಾರ, ಶರೀಅತ್‌ಗೆ ಧರ್ಮಗ್ರಂಥ ಆಧಾರ ಎಂಬ ಸೂತ್ರವನ್ನು ಮಿನಂಗ್ ಜನ ಇಂದಿಗೂ ಹೇಳುತ್ತಾರೆ. ಆಚರಣೆಯಲ್ಲಿ ಆದದ್ದೆಂದರೆ ಆಸ್ತಿಯನ್ನು ಎರಡಾಗಿ ನೋಡುವ ಪದ್ಧತಿ. ಪೀಳಿಗೆಗಳಿಂದ ಬಂದ ಮನೆ, ಗದ್ದೆಗಳು ‘ಪುಸಾಕಾ ತಿಂಗ್ಗಿ’. ಅವು ಹೆಣ್ಣಿನ ಸಾಲಿನಲ್ಲೇ ಉಳಿಯಬೇಕು. ಗಂಡಹೆಂಡತಿ ದುಡಿದು ಗಳಿಸಿದ್ದು ಮಕ್ಕಳಿಗೆ, ಧರ್ಮಶಾಸ್ತ್ರದ ಪಾಲಿನಂತೆ.

ಪೀಳಿಗೆಯ ಆಸ್ತಿಯನ್ನು ಅಡವಿಡಲು ರೂಢಿಯಲ್ಲಿ ನಾಲ್ಕೇ ಕಾರಣಗಳಿಗೆ ಅವಕಾಶ: ಮನೆಯಲ್ಲಿ ಹೆಣ ಬಿದ್ದು ಸಂಸ್ಕಾರಕ್ಕೆ ದುಡ್ಡಿಲ್ಲದಿದ್ದರೆ, ಕುಟುಂಬದ ದೊಡ್ಡ ಮನೆಯ ಮಾಡು ಸೋರುತ್ತಿದ್ದರೆ, ವಯಸ್ಸಿಗೆ ಬಂದ ಹುಡುಗಿಯ ಮದುವೆ ಆಗದಿದ್ದರೆ, ಕುಟುಂಬದ ಮುಖಂಡನ ಪದವಿಯನ್ನು ಮತ್ತೆ ಎತ್ತಿ ನಿಲ್ಲಿಸಬೇಕಾದರೆ. ಗುತ್ತಿನ ಮನೆಮಗಳು ಹೇಳಿದ ಹೆಬ್ಬೆಟ್ಟಿನ ಪ್ರಸಂಗವನ್ನು ಓದುವಾಗ ನನಗೆ ಇದೇ ನೆನಪಾಯಿತು. ಅಲ್ಲಿ ಸೋದರಮಾವನನ್ನು ‘ಮಾಮಕ್’ ಎನ್ನುತ್ತಾರೆ, ಆಡಳಿತ ಅವನದೇ. ಆದರೆ ಅಡವಿನ ಕಾರಣ ಊರಿಗೆಲ್ಲ ಗೊತ್ತಿರುವ ಆ ನಾಲ್ಕರಲ್ಲಿ ಒಂದಾಗಿರಬೇಕು ಎಂಬ ಕಟ್ಟು ಅವನ ಕೈಯನ್ನು ಸ್ವಲ್ಪವಾದರೂ ಹಿಡಿಯುತ್ತದೆ.

ಗಂಡನ ಸ್ಥಾನ ಹೇಗಿತ್ತೆಂದರೆ, ಸುಟ್ಟ ಮರದ ಬುಡದ ಮೇಲಿನ ಬೂದಿ ಎಂಬ ಗಾದೆಯೇ ಇದೆ. ಗಾಳಿ ಬೀಸಿದರೆ ಹಾರಿಹೋಗುವವನು. ಹುಡುಗರು ದೊಡ್ಡವರಾಗುತ್ತಿದ್ದಂತೆ ಮಲಗುವುದು ‘ಸುರಾವ್’ ಎಂಬ ಪ್ರಾರ್ಥನೆಯ ಮನೆಯಲ್ಲಿ, ಏಕೆಂದರೆ ದೊಡ್ಡ ಮನೆಯ ಕೋಣೆಗಳು ಅಕ್ಕತಂಗಿಯರವು. ಹಾಗಾಗಿ ಗಂಡಸರು ಊರು ಬಿಟ್ಟು ದುಡಿಯಲು ಹೋಗುವುದು ಒಂದು ಸಂಪ್ರದಾಯವೇ ಆಗಿದೆ. ಇಂಡೋನೇಷ್ಯಾದ ಮೊದಲ ಉಪರಾಷ್ಟ್ರಪತಿ ಮೊಹಮ್ಮದ್ ಹತ್ತಾ ಈ ಸಮುದಾಯದವರು. ದೇಶದ ಯಾವ ಪಟ್ಟಣಕ್ಕೆ ಹೋದರೂ ಪಡಂಗ್ ಊಟದ ಹೋಟೆಲು ಸಿಗುವುದಕ್ಕೂ ಇದೇ ಮೂಲ. ಮುಂಬಯಿಯ ಹೋಟೆಲುಗಳಿಗೆ ಹೋದ ನಮ್ಮ ಕರಾವಳಿಯ ಹುಡುಗರ ನೆನಪು ನನಗೆ ಅಲ್ಲಿ ಆಗಾಗ ಆಗುತ್ತಿತ್ತು.

ಗೇಣಿ ಒಕ್ಕಲಿನವ:

ಮುಂಬಯಿಗೆ ನಮ್ಮವರು ಹೋದದ್ದು ಹಸಿವಿಗೆ, ಸರ್. ಮಾವನ ಮನೆಯಲ್ಲಿ ಕೋಣೆ ಇಲ್ಲವೆಂದಲ್ಲ.

ಪಡಂಗಿನ ನೆನಪು:

ಹಸಿವು ಇದ್ದದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟು ದುಡಿದರೂ ಊರಿನ ಗದ್ದೆ ತನ್ನ ಮಕ್ಕಳಿಗೆ ಹೋಗುವುದಿಲ್ಲವೆಂದು ಗೊತ್ತಿದ್ದ ಗಂಡಸಿಗೆ ಹೊರಗೆ ಗಳಿಸುವ ಆಸೆ ಹೆಚ್ಚಾಗುವುದೂ ಸಹಜ. ಹಾಗೆ ಗಳಿಸಿದ ಹಣವೇ ಹಳೆಯ ಕಟ್ಟನ್ನು ಒಳಗಿನಿಂದ ಸಡಿಲಗೊಳಿಸಿತು ಎಂಬುದು ನನ್ನ ಅಭಿಪ್ರಾಯ.

ಕಾಸರಗೋಡಿನ ಓದುಗ:

ಮರುಮಕ್ಕತ್ತಾಯದ ಕಥೆ ಬಾರದೆ ಈ ಚರ್ಚೆ ಪೂರ್ತಿಯಾಗದು. ತಿರುವಾಂಕೂರಿನಲ್ಲಿ 1912 ಮತ್ತು 1925ರ ನಾಯರ್ ಕಾನೂನುಗಳು ಬಂದವು. ಎರಡನೆಯದು ತರವಾಡಿನ (ತಾಯಿಸಾಲಿನ ಅವಿಭಕ್ತ ಕುಟುಂಬದ) ಆಸ್ತಿಯಲ್ಲಿ ಪ್ರತಿಯೊಬ್ಬರಿಗೂ ಪಾಲು ಕೇಳುವ ಹಕ್ಕನ್ನು ಕೊಟ್ಟಿತು, ಮತ್ತು ತರವಾಡುಗಳು ಒಂದರ ಹಿಂದೊಂದು ಒಡೆದವು. ಬ್ರಿಟಿಷ್ ಮಲಬಾರಿನಲ್ಲಿ ‘ಸಂಬಂಧ’ ಎಂಬ ರೂಢಿಯ ಗಂಡುಹೆಣ್ಣಿನ ಕೂಡಿಕೆಯನ್ನು ಮದುವೆಯೆಂದು ನೋಂದಾಯಿಸಲು 1896ರಲ್ಲೇ ಕಾಯ್ದೆಯಾದರೂ ಜನ ಅದನ್ನು ಹೆಚ್ಚಾಗಿ ಬಳಸಲಿಲ್ಲ. ನಿಜವಾದ ಬದಲಾವಣೆ ತಂದದ್ದು 1932ರ ಮದ್ರಾಸ್ ಮರುಮಕ್ಕತ್ತಾಯಂ ಕಾಯ್ದೆ. ಈ ಸುಧಾರಣೆಗಳ ಹಿಂದೆ ಇಂಗ್ಲಿಷ್ ಓದಿದ ವಕೀಲರು, ಸರಕಾರಿ ನೌಕರರು ಇದ್ದರು. ತಾವು ಗಳಿಸಿದ್ದು ತಮ್ಮ ಹೆಂಡತಿ ಮಕ್ಕಳಿಗೆ ಸೇರಲಿ ಎಂಬ ಅವರ ಬಯಕೆ ನ್ಯಾಯವಾದದ್ದೇ. ಆದರೆ ಅದೇ ಹೊತ್ತಿಗೆ ಅವರ ಅಕ್ಕತಂಗಿಯರು ತಮ್ಮ ಹುಟ್ಟುಮನೆಯಲ್ಲಿದ್ದ ನೆಲೆಯನ್ನು ಕಳೆದುಕೊಂಡರು.

ಇಲ್ಲಿ ಹಿಂದೂಗಳಷ್ಟೇ ಅಲ್ಲ, ಉತ್ತರ ಮಲಬಾರಿನ ಮಾಪ್ಪಿಳೆ ಮುಸ್ಲಿಮರಲ್ಲೂ ತರವಾಡು ಪದ್ಧತಿಯಿತ್ತು. ಕಣ್ಣೂರಿನ ಅರಕ್ಕಲ್ ಮನೆತನದಲ್ಲಿ ಹಿರಿಯರು ಗಂಡಾದರೆ ಅಲಿ ರಾಜ, ಹೆಣ್ಣಾದರೆ ಬೀವಿ ಎಂಬ ಹೆಸರಿನಲ್ಲಿ ಆಳಿದರು. ಪಡಂಗಿನ ನೆನಪು ಅವರು ಹೇಳಿದ ಸುಮಾತ್ರದ ಹೊಂದಾಣಿಕೆ ನಮ್ಮ ನೆರೆಯಲ್ಲೇ ಇದೆ.

ನಮ್ಮೂರಿನ ವಿಶೇಷವೊಂದನ್ನು ಹೇಳುತ್ತೇನೆ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, ಆಮೇಲೆ ಕೇರಳಕ್ಕೆ ಸೇರಿತು. ಕೇರಳವು 1975ರಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡುವ ಕಾಯ್ದೆ ಮಾಡಿತು. 1976ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂತು. ಅಳಿಯಸಂತಾನದ ಕುಟುಂಬ, ಕವರುಗಳೂ ಅದರೊಳಗೆ ಸೇರಿದವು. ಹಾಗಾಗಿ ಒಂದೇ ಬಳಿಯ, ಒಂದೇ ದೈವವನ್ನು ನಂಬುವ ನೆಂಟರಲ್ಲಿ ತಲಪಾಡಿಯ ಗಡಿಯ ಈಚೆಗೆ ಕೇರಳದಲ್ಲಿದ್ದವರ ಅವಿಭಕ್ತ ಆಸ್ತಿ ಆ ದಿನದಿಂದ ಪಾಲಾದಂತೆಯೇ ಆಯಿತು. ಆಚೆಗಿದ್ದವರಿಗೆ ಹಳೆಯ ಲೆಕ್ಕ ಮುಂದುವರಿಯಿತು.

ಕಡಲತಡಿ:

ಎಲ್ಲರಿಗೂ ಕೃತಜ್ಞತೆಗಳು. ಮೂಲ ಪ್ರಶ್ನೆಗೆ ಇನ್ನೊಂದನ್ನು ಸೇರಿಸುತ್ತೇನೆ. ಅಳಿಯಸಂತಾನದ ಹುಟ್ಟಿನ ಬಗ್ಗೆ ಭೂತಾಳ ಪಾಂಡ್ಯನ ಐತಿಹ್ಯವಿದೆಯಲ್ಲ. ದೇವಪಾಂಡ್ಯನ ಹಡಗುಗಳಿಗಾಗಿ ಕುಂಡೋದರ ಭೂತ ನರಬಲಿ ಕೇಳಿದಾಗ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದಾದಳು, ಆ ಮಗನೇ ಉತ್ತರಾಧಿಕಾರಿಯಾದ ಎಂಬ ಕಥೆ. ಇದು ಇತಿಹಾಸವೆಂದು ಯಾರೂ ಒಪ್ಪುವುದಿಲ್ಲ. ಆದರೆ ಕಥೆಯಲ್ಲಿ ಹಕ್ಕು ಪಡೆದವನು ಅಳಿಯ. ಮಗನನ್ನು ಒಪ್ಪಿಸಿದ ತಂಗಿಗೆ ಏನು ಸಿಕ್ಕಿತು?

ಗುತ್ತಿನ ಮನೆಮಗಳು:

ಅವಳಿಗೆ ಏನೂ ಸಿಗಲಿಲ್ಲ. ನಮ್ಮ ಮನೆಗಳಲ್ಲಿ ಮಾವಂದಿರು ಆ ಕಥೆಯನ್ನು ಯಾಕೆ ಅಷ್ಟು ಪ್ರೀತಿಯಿಂದ ಹೇಳುತ್ತಿದ್ದರೆಂದು ಈಗ ಅರ್ಥವಾಗುತ್ತದೆ.

ಹಳೆಯ ದಸ್ತಾವೇಜು:

ಹೆಣ್ಣು ಆಳಿದ ನಿದರ್ಶನಗಳೂ ಇವೆ, ಅವುಗಳನ್ನು ಮರೆಯಬಾರದು. ಉಳ್ಳಾಲದ ಚೌಟರು ಅಳಿಯಸಂತಾನದ ಜೈನ ಅರಸರು. ಆ ಕಟ್ಟಿನಿಂದಾಗಿಯೇ ಅಬ್ಬಕ್ಕ ಸೋದರಮಾವನ ನಂತರ 16ನೇ ಶತಮಾನದಲ್ಲಿ ಪಟ್ಟಕ್ಕೆ ಬಂದು, ಪೋರ್ಚುಗೀಸರನ್ನು ಎದುರಿಸಿದಳು. ಮಂಗಳೂರಿನ ಬಂಗ ಅರಸನೊಂದಿಗಿನ ಅವಳ ದಾಂಪತ್ಯ ಮುರಿದರೂ ಅವಳ ಸಿಂಹಾಸನಕ್ಕೆ ಅದರಿಂದ ಕುಂದಾಗಲಿಲ್ಲ, ಏಕೆಂದರೆ ಅದು ಗಂಡನಿಂದ ಬಂದದ್ದಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಭೇಟಿಯಾದ. ಅವನು ಕಂಡ ರಾಣಿ ಬರಿಗಾಲಿನಲ್ಲಿ ನಡೆದು, ತಾಳೆಗರಿಯ ಕೊಡೆಯ ನೆರಳಿನಲ್ಲಿ, ತಾನು ತೋಡಿಸುತ್ತಿದ್ದ ಕಾಲುವೆಗಳ ಕೆಲಸವನ್ನು ನೋಡಲು ಹೊರಟಿದ್ದಳು. ನನಗೆ ಯುದ್ಧದ ಕಥೆಗಳಿಗಿಂತ ಈ ಚಿತ್ರವೇ ಹೆಚ್ಚು ಪ್ರಿಯ.

ಗೇಣಿ ಒಕ್ಕಲಿನವ:

ರಾಣಿಯರಿಗೆ ಸಿಕ್ಕಿದ್ದು ಎಲ್ಲರಿಗೂ ಸಿಕ್ಕಿತ್ತು ಎಂದು ಹೇಳಲಾಗದು. ಆ ಕಾಲುವೆಯ ಮಣ್ಣು ಹೊತ್ತ ಹೆಂಗಸರ ಬಗ್ಗೆಯೂ ಆ ಪ್ರವಾಸಿ ಬರೆದಿದ್ದರೆ ಚೆನ್ನಾಗಿತ್ತು.

ಕೋಕೋ ನಾಡಿನಿಂದ:

ಘಾನಾದಲ್ಲಿ ವ್ಯಾಪಾರಕ್ಕಾಗಿ ಇದ್ದವನು ನಾನು. ಅಲ್ಲಿಯ ಅಕಾನ್ ಜನರ ಕಟ್ಟು ನಮ್ಮದರ ಹತ್ತಿರದ ನೆಂಟನಂತೆ ಕಾಣುತ್ತದೆ. ‘ಅಬುಸುವಾ’ ಎಂಬ ತಾಯಿಬಳಿ, ಗಂಡಸಿನ ಆಸ್ತಿ ಸೋದರಳಿಯನಿಗೆ. ಕೋಕೋ ಬೆಳೆ ಬಂದ ಮೇಲೆ ಇದು ದೊಡ್ಡ ಸಂಕಟವಾಯಿತು. ಗಂಡ ಹೊಸ ಕಾಡು ಕಡಿದು ತೋಟ ಹಾಕುತ್ತಿದ್ದ, ಹೆಂಡತಿ ಮಕ್ಕಳು ವರ್ಷಗಟ್ಟಲೆ ಅದರಲ್ಲಿ ದುಡಿಯುತ್ತಿದ್ದರು. ಅವನು ಸತ್ತ ಮೇಲೆ ತೋಟ ಅವನ ತಾಯಿಬಳಿಯವರಿಗೆ ಹೋಗುತ್ತಿತ್ತು, ಹೆಂಡತಿ ಬರಿಗೈಯಲ್ಲಿ ತನ್ನವರಲ್ಲಿಗೆ ಹಿಂದಿರುಗುತ್ತಿದ್ದಳು. 1985ರಲ್ಲಿ ಅಲ್ಲಿನ ಸರಕಾರ ಹೊಸ ಉತ್ತರಾಧಿಕಾರ ಕಾನೂನು ತಂದು, ಉಯಿಲು ಬರೆಯದೆ ಸತ್ತವನ ಸ್ವಯಾರ್ಜಿತದಲ್ಲಿ ಮನೆ ಮತ್ತು ಮನೆಯ ಸಾಮಾನುಗಳು ಹೆಂಡತಿ ಮಕ್ಕಳಿಗೆ ಎಂದು ವಿಧಿಸಿತು. ತಾಯಿಬಳಿಯ ಪೂರ್ವಾರ್ಜಿತವನ್ನು ಮಾತ್ರ ಮುಟ್ಟಲಿಲ್ಲ.

ನಾವೆಲ್ಲ ಅಕ್ಕತಂಗಿಯರ ಕಡೆಯಿಂದಲೇ ನೋಡುತ್ತಿದ್ದೇವೆ. ಪ್ರತಿಯೊಬ್ಬ ಹೆಣ್ಣೂ ಒಬ್ಬನಿಗೆ ಅಕ್ಕನೋ ತಂಗಿಯೋ ಆಗಿರುವ ಹಾಗೆ ಇನ್ನೊಬ್ಬನಿಗೆ ಹೆಂಡತಿಯೂ ಆಗಿರುತ್ತಾಳೆ. ಹೆಂಡತಿಯಾಗಿ ಅವಳಿಗೆ ಈ ಪದ್ಧತಿಯಲ್ಲಿ ಏನೂ ಇರಲಿಲ್ಲ.

ಗುತ್ತಿನ ಮನೆಮಗಳು:

ನಿಮ್ಮ ಮಾತನ್ನು ಒಪ್ಪುತ್ತೇನೆ. ಘಾನಾದವರು ಹೆಂಡತಿಯ ದುಡಿಮೆಗೆ ಬೆಲೆ ಕಟ್ಟಿದರು, ಆದರೆ ಅಕ್ಕತಂಗಿಯರ ಮನೆಯನ್ನು ಹಾಗೆಯೇ ಬಿಟ್ಟರು. ಸುಮಾತ್ರದವರೂ ಅದನ್ನೇ ಮಾಡಿದರು. ನಮ್ಮಲ್ಲಿ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಪಾಲು ಮಾಡಿದರು. ನನ್ನ ತಕರಾರು ಇಷ್ಟೇ: ಸ್ವಯಾರ್ಜಿತ ಹೆಂಡತಿ ಮಕ್ಕಳಿಗೆ ಹೋಗಲಿ, ಕುಟುಂಬದ ಮನೆಯನ್ನಾದರೂ ಹೆಣ್ಣುಮಕ್ಕಳ ಆಸರೆಗೆ ಉಳಿಸಬಹುದಿತ್ತು.

ಹಳೆಯ ದಸ್ತಾವೇಜು:

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಒಂದು ಕುರುಹನ್ನು ಉಳಿಸಿಕೊಂಡಿದೆ, ಅದು ಬಹಳ ಜನರಿಗೆ ತಿಳಿದಿಲ್ಲ. 7ನೇ ಕಲಮಿನ 2ನೇ ಉಪಕಲಮಿನಂತೆ ಕುಟುಂಬದಲ್ಲಿ ಅಥವಾ ಕವರಿನಲ್ಲಿದ್ದ ಸದಸ್ಯನ ಹಿತಾಸಕ್ತಿ, ಅವನು ಸತ್ತಾಗ, ಹಳೆಯ ಕಟ್ಟಳೆಯಂತೆ ಉಳಿದವರಿಗೆ ಸೇರದೆ ಅವನ ವಾರಸುದಾರರಿಗೆ ಹೋಗುತ್ತದೆ. ಕಟ್ಟನ್ನು ನಿಜವಾಗಿ ಮುಗಿಸಿದ್ದು ಇದೇ. ಆದರೆ 17ನೇ ಕಲಮು ಅಳಿಯಸಂತಾನ ಮತ್ತು ಮರುಮಕ್ಕತ್ತಾಯದವರಿಗೆ ಬೇರೆಯೇ ಕ್ರಮವನ್ನು ಹೇಳುತ್ತದೆ. ಉಯಿಲು ಬರೆಯದೆ ಸತ್ತ ಹಿಂದೂ ಹೆಣ್ಣಿನ ಆಸ್ತಿ ಸಾಮಾನ್ಯವಾಗಿ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ, ಆಮೇಲಷ್ಟೇ ಅವಳ ತಂದೆತಾಯಿಗೆ. ಅಳಿಯಸಂತಾನದ ಹೆಣ್ಣಾದರೆ ಮೊದಲು ಮಕ್ಕಳಿಗೆ ಮತ್ತು ಅವಳ ತಾಯಿಗೆ. ಗಂಡ, ತಂದೆ ಎರಡನೆಯ ಸಾಲಿನಲ್ಲಿ. ಮೂರನೆಯದಾಗಿ ತಾಯಿಯ ವಾರಸುದಾರರಿಗೆ.

ಮಲೆನಾಡ ಹುಡುಗಿ:

ಅಂದರೆ ಮಕ್ಕಳಿಲ್ಲದ ಹೆಣ್ಣು ದುಡಿದು ಕೂಡಿಟ್ಟ ಹಣ ನಮ್ಮಲ್ಲಿ ಗಂಡನಿಲ್ಲದಿದ್ದರೆ ಮೈದುನನ ಮನೆಗೆ, ನಿಮ್ಮಲ್ಲಿ ಹೆತ್ತ ತಾಯಿಗೆ. ನನಗೂ 17ನೇ ಕಲಮು ಬೇಕು ಎನ್ನಿಸುತ್ತಿದೆ.

ಗುತ್ತಿನ ಮನೆಮಗಳು:

ವಕೀಲರೇ, ಈಗಿನ ಒಂದು ವಿಷಯಕ್ಕೆ ನಿಮ್ಮ ಸಲಹೆ ಬೇಕು. ಇತ್ತೀಚಿನ ವರ್ಷಗಳಲ್ಲಿ ಊರೂರಲ್ಲಿ ತರವಾಡು ಮನೆಗಳ ಜೀರ್ಣೋದ್ಧಾರ ನಡೆಯುತ್ತಿದೆ. ನಮ್ಮದೂ ಆಗುತ್ತಿದೆ. ಮುಂಬಯಿ, ಕೊಲ್ಲಿ ದೇಶಗಳಿಂದ ದುಡ್ಡು ಬರುತ್ತದೆ, ದೈವಗಳ ಪ್ರತಿಷ್ಠೆ, ತಂಬಿಲ, ನೇಮ ಎಲ್ಲವೂ ವಿಜೃಂಭಣೆಯಿಂದ ನಡೆಯುತ್ತವೆ. ಯಾರು ಕುಟುಂಬಿಕರು ಎಂದು ಪಟ್ಟಿ ಮಾಡುವಾಗ ಹೆಣ್ಣಿನ ಸಾಲಿನಿಂದಲೇ ಎಣಿಸುತ್ತಾರೆ, ವಂತಿಗೆಯನ್ನು ನಮ್ಮ ಹೆಸರಿನಲ್ಲೇ ಪಡೆಯುತ್ತಾರೆ. ಆದರೆ ಟ್ರಸ್ಟಿನ ಕರಡಿನಲ್ಲಿ ಟ್ರಸ್ಟಿಗಳ ಹೆಸರು ಓದಿದರೆ ಎಲ್ಲರೂ ಗಂಡಸರು. ನೇಮದ ದಿನ ಗಂಧ ಬೂಳ್ಯಕ್ಕೆ (ದೈವ ಕೊಡುವ ಗಂಧ, ವೀಳ್ಯದ ಗೌರವಕ್ಕೆ) ಹೆಸರು ಹಿಡಿದು ಕರೆಯುವಾಗಲೂ ಅಷ್ಟೇ; ಯಾವ ತಾಯಿಯ ಸಾಲಿನಿಂದ ಆ ಸ್ಥಾನ ಬಂತೋ ಅವಳು ಚಾವಡಿಯ ಒಳಬಾಗಿಲಲ್ಲಿ ನಿಂತಿರುತ್ತಾಳೆ. ಕೇಳಿದರೆ ‘ಹಿಂದಿನಿಂದ ಬಂದ ಕಟ್ಟು’ ಎನ್ನುತ್ತಾರೆ.

ಗೇಣಿ ಒಕ್ಕಲಿನವ:

ಅಕ್ಕ, ನಮ್ಮ ಮೂಲಸ್ಥಾನದ ಸಮಿತಿಯಲ್ಲೂ ಇದೇ ಜಗಳ ನಡೆಯುತ್ತಿದೆ. ಈ ವಿಷಯದಲ್ಲಿ ಗುತ್ತು, ಒಕ್ಕಲು ಎಂಬ ಭೇದವಿಲ್ಲ.

ಹಳೆಯ ದಸ್ತಾವೇಜು:

ಮಗಳೇ, ದೈವದ ನಡಾವಳಿಯ ವಿಷಯವನ್ನು ಕುಟುಂಬದ ಹಿರಿಯರೊಂದಿಗೆ ಕುಳಿತು ಮಾತಾಡಬೇಕು, ಅದು ಕಾಗದದಿಂದ ಬಗೆಹರಿಯುವಂಥದ್ದಲ್ಲ. ಟ್ರಸ್ಟಿನ ವಿಷಯ ಹಾಗಲ್ಲ. ‘ಹಿಂದಿನಿಂದ ಬಂದ ಕಟ್ಟು’ ಎಂದು ಅವರು ಹೇಳಿದರೆ, ಹಿರಿಯರು ಗಂಡಾಗಲಿ ಹೆಣ್ಣಾಗಲಿ ಆಡಳಿತಕ್ಕೆ ಅರ್ಹರು ಎಂಬುದೇ ಆ ಕಟ್ಟು ಎಂದು ಧೈರ್ಯವಾಗಿ ಹೇಳಿ. ಕರಡಿನಲ್ಲಿ ಎರಡು ಮಾತು ಸೇರಿಸಲು ಪಟ್ಟು ಹಿಡಿಯಿರಿ: ಪ್ರತಿ ಕವರಿನಿಂದ ಗಂಡು ಹೆಣ್ಣೆಂಬ ಭೇದವಿಲ್ಲದೆ ಒಬ್ಬ ಟ್ರಸ್ಟಿ, ಆಸರೆ ಬೇಕಾಗಿ ಬಂದ ಕುಟುಂಬದ ಹೆಣ್ಣುಮಕ್ಕಳಿಗೆ ಮನೆಯ ಒಂದು ಭಾಗದಲ್ಲಿ ವಾಸದ ಹಕ್ಕು. ನೋಂದಣಿಯಾದ ಮೇಲೆ ಬದಲಿಸುವುದು ಕಷ್ಟ. ಆದ್ದರಿಂದ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗುವ ಮೊದಲೇ ಕುಟುಂಬದ ಸಭೆಯಲ್ಲಿ ಇದನ್ನು ಓದಿಸಿ, ನಿರ್ಣಯ ಪುಸ್ತಕದಲ್ಲಿ ಬರೆಸಿ, ಬಂದ ಹೆಂಗಸರೆಲ್ಲರ ಸಹಿ ಹಾಕಿಸಿ.

ಗುತ್ತಿನ ಮನೆಮಗಳು:

ವಾಸದ ಹಕ್ಕಿನ ಮಾತು ನನಗೆ ಹೊಳೆದೇ ಇರಲಿಲ್ಲ, ತುಂಬಾ ಉಪಕಾರವಾಯಿತು. ಮುಂದಿನ ಸಭೆ ಪತ್ತನಾಜೆಗೆ, ಅಂದರೆ ವರ್ಷದ ನೇಮಗಳು ಮುಗಿಯುವ ದಿನಕ್ಕೆ, 2 ವಾರ ಮೊದಲು ಇದೆ. ಚಿಕ್ಕಮ್ಮಂದಿರಿಗೆ, ಅಕ್ಕತಂಗಿಯರಿಗೆ ಇಂದೇ ಫೋನ್ ಮಾಡಲು ಆರಂಭಿಸುತ್ತೇನೆ. ಕರಡಿನ ಆ ಭಾಗವನ್ನು ಬರೆದು ಇಲ್ಲೇ ಹಾಕುತ್ತೇನೆ, ದಯವಿಟ್ಟು ತಿದ್ದಿಕೊಡಿ.